ಹುಸಿ ಹೆಸರಿನ ಉಡುಗೊರೆ

ಮದುವೆಯಲ್ಲಿ ವರನಿಗೆ ಕೈಗಡಿಯಾರ ಕೊಡುವ ರೂಢಿ ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಗೆ ಹೊಸದಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾದ ಮೇಲೆ ಸಾಧಾರಣ ಮನೆತನಗಳಿಗೂ ಅದು ಎಟುಕುವಂತಾಯಿತು. ದಿನಕ್ಕೊಮ್ಮೆ ಕೀಲಿ ಕೊಡಬೇಕಾದ ಆ ಗಡಿಯಾರದಲ್ಲಿ ಆಡಂಬರವಿರಲಿಲ್ಲ. ಹೆಸರು ಮಾತ್ರ ನಿಜದ್ದಾಗಿತ್ತು. ಈಗ ಆ ಜಾಗಕ್ಕೆ ರೋಲೆಕ್ಸ್, ಒಮೆಗಾ ಬಂದಿವೆ. ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಗಡಿಯಾರಗಳ ಹೆಸರು ಹೊತ್ತ ನಕಲಿಗಳು ಕೆಲವೇ ನೂರು ರೂಪಾಯಿಗೆ ದೊರೆತು ಆಯೇರದ ತಟ್ಟೆಯನ್ನು ಅಲಂಕರಿಸುತ್ತಿವೆ. ಡಬ್ಬಿಯಂತೂ ಬಹು ಚೆನ್ನಾಗಿರುತ್ತದೆ. ಗಡಿಯಾರಕ್ಕಿಂತ ಅದೇ ಹೆಚ್ಚು ಕಾಲ ಬಾಳುವುದುಂಟು.

"ಪ್ರೀತಿಯಿಂದ ಕೊಟ್ಟದ್ದು, ಅಸಲಿಯಾದರೇನು ನಕಲಿಯಾದರೇನು?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. 1999ರ ವ್ಯಾಪಾರ ಚಿಹ್ನೆ ಕಾಯ್ದೆಯು ಸುಳ್ಳು ಚಿಹ್ನೆ ಹಾಕುವವನಿಗೂ ಅಂಥ ಸರಕು ಮಾರುವವನಿಗೂ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಅದನ್ನು ಕೊಂಡು ಅಳಿಯನ ಕೈಗೆ ಕಟ್ಟುವ ಮಾವನನ್ನು ಕೇಳಲು ಯಾವ ಪೊಲೀಸನೂ ಬರುವುದಿಲ್ಲ. ಕಾನೂನು ಅಂಗಡಿಯ ಹೊಸ್ತಿಲಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದಿನದು ನಮ್ಮ ನಮ್ಮ ಮನಸ್ಸಾಕ್ಷಿಯ ಪಾಲು.

ಪ್ರತಿ ಮಾಡುವುದೇ ದೋಷವೆಂದು ನಾವು ಹೇಳುತ್ತಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರವೂ ನಕಲುಗಳೇ, ಒಂದೂ ನಕಲಿಯಲ್ಲ. ಪ್ರತಿಯೊಂದೂ ತಾನು ಏನೆಂಬುದನ್ನು ಇದ್ದಂತೆ ಹೇಳುತ್ತಿತ್ತು. ಅಗ್ಗವಾಗಿರುವುದೂ ದೋಷವಲ್ಲ. ಮುನ್ನೂರು ರೂಪಾಯಿಯ ಗಡಿಯಾರ ಮುನ್ನೂರರದ್ದಾಗಿಯೇ ಬಂದರೆ ಅದು ತುಂಬಿದ ಉಡುಗೊರೆ.

ಹಾಗಾದರೆ ತಪ್ಪು ಎಲ್ಲಿದೆ? ನಕಲಿಯನ್ನು ತಿಳಿದೂ ಕೊಡುವವನು ಪಡೆಯುವವನ ಅಜ್ಞಾನವನ್ನು ನಂಬಿ ಕೊಡುತ್ತಾನೆ. "ಅವನಿಗೇನು ತಿಳಿಯುತ್ತದೆ" ಎಂಬ ಮಾತು ಆ ಡಬ್ಬಿಯ ತಳದಲ್ಲಿ ಮಡಚಿಟ್ಟಿರುತ್ತದೆ. ಮೇಲೆ ಪ್ರೀತಿ, ಒಳಗೆ ತಾತ್ಸಾರ. ಪಟ್ಟಣದ ಗೆಳೆಯನಿಗೆ ಕೊಡಲು ಅಂಜುವುದನ್ನು ಹಳ್ಳಿಯ ಬಡ ಬೀಗನಿಗೆ ಧೈರ್ಯವಾಗಿ ಕೊಡುವುದನ್ನು ಕಂಡಾಗ ಇದರಲ್ಲಿ ಸಂಶಯ ಉಳಿಯುವುದಿಲ್ಲ.

ಮುಂದಿನ ಕಷ್ಟ ಪಡೆದವನದು. ಬೆಲೆಬಾಳುವ ಯಾಂತ್ರಿಕ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಸೆಕೆಂಡಿಗೆ 8 ಬಾರಿ ಮಿಡಿಯುವುದರಿಂದ ಜಾರಿದಂತೆ ಸಾಗುತ್ತದೆ. ಅಗ್ಗದ ನಕಲಿಯೊಳಗೆ ಬ್ಯಾಟರಿ ಇದ್ದು ಮುಳ್ಳು ಸೆಕೆಂಡಿಗೊಮ್ಮೆ ಕುಪ್ಪಳಿಸುತ್ತದೆ. ನಾಲ್ಕು ಜನರ ನಡುವೆ ಯಾರೋ ಅದನ್ನು ಗುರುತಿಸಿ ನಗುತ್ತಾರೆ. ಇಲ್ಲವೇ ಮನೆಯಲ್ಲಿ ಕಾಯಿಲೆ ಬಂದು, ಮಾವ ಕೊಟ್ಟ ಬೆಲೆಯುಳ್ಳ ವಸ್ತು ಒಂದಿದೆಯಲ್ಲ ಎಂಬ ನೆಚ್ಚಿಕೆಯಿಂದ ಅವನು ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಹಿಂಬದಿಯ ಮುಚ್ಚಳ ತೆಗೆದು ನೋಡಿ, ಏನೂ ಹೇಳದೆ ಹಿಂದಿರುಗಿಸುತ್ತಾನೆ. ಆ ಹೊತ್ತಿನಲ್ಲಿ ಕೊಟ್ಟವನು ಅಲ್ಲಿರುವುದಿಲ್ಲ, ನಾಚಿಕೆಯೆಲ್ಲ ಪಡೆದವನದೇ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳ ತವರಿನ ಮಾತು ಬರುತ್ತದೆ. ಆದ್ದರಿಂದ ಅದನ್ನೂ ನುಂಗಿಕೊಳ್ಳಬೇಕು.

ನೇಕಾರರ ನಡುವೆ ಬಾಳುವ ನಮಗಾದರೂ ಇದು ಬೇಗ ತಿಳಿಯಬೇಕು. ಗದ್ವಾಲ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಕೂಡಿಸಲು ಎಷ್ಟು ತಾಳ್ಮೆ ಬೇಕೆಂಬುದನ್ನು ಮಗ್ಗದ ಮನೆಗಳಲ್ಲಿ ಕಂಡವರು ನಾವು. ಗದ್ವಾಲ, ನಾರಾಯಣಪೇಟೆ ಸೀರೆಗಳೆರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹೀಗಿದ್ದೂ ವಿದ್ಯುತ್ ಮಗ್ಗದ ಬಟ್ಟೆಗೆ ಈ ಹೆಸರು ಅಂಟಿಸಿ ಮಾರಿದಾಗ ನಾವು ಕೆರಳುತ್ತೇವೆ. ಅದೇ ನಾವು ಸ್ವಿಸ್ ಕುಶಲಿಗನ ಹೆಸರನ್ನು ಕದ್ದ ಮಾಲನ್ನು ನಗುತ್ತ ಕೊಳ್ಳುವುದು ಯಾವ ನ್ಯಾಯ?

ಪುಣೆ ಮುಂಬಯಿಗಳಿಗೆ ದುಡಿಯಲು ಹೋದ ನಮ್ಮ ಕಡೆಯ ಹುಡುಗ, ತಾನೇ ಮೋಸಹೋಗಿ, ತಂಗಿಯ ಗಂಡನಿಗೆಂದು ಇಂಥದನ್ನು ತಂದರೆ ಮಾತೇ ಬೇರೆ. ಅವನ ಉಡುಗೊರೆ ಅಸಲಿಯದೇ. ಆದರೂ ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ತಿಳಿಸುವುದು ಒಳ್ಳೆಯದು. ಅವನಿಗೆ ಇನ್ನೂ ಇಬ್ಬರು ತಂಗಿಯರಿರಬಹುದು. ತಿಳಿದೂ ಕೊಟ್ಟವರಿಗೆ ಏನನ್ನೂ ಹೇಳಬೇಕಾಗಿಲ್ಲ. ಆದರೆ ಆ ಗಡಿಯಾರವನ್ನು ಹೊಸ ಕಾಗದದಲ್ಲಿ ಸುತ್ತಿ ಮುಂದಿನ ಮದುವೆಗೆ ಸಾಗಿಸುವ ಅಭ್ಯಾಸವೊಂದು ನಮ್ಮಲ್ಲಿದೆಯಲ್ಲ, ಅದು ಬೇಡ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಆಡಿಕೊಳ್ಳಲು ಕೊಡಬಹುದು.