ಭಯಕ್ಕೆ ಏನು ಉತ್ತರ?

ಲೋಕ ಮುಳುಗಿಹೋಗುತ್ತದೆಂಬ ಸುದ್ದಿ ನಮ್ಮ ಜನಕ್ಕೆ ಹೊಸದೇನೂ ಅಲ್ಲ. 1962ರ ಫೆಬ್ರವರಿಯಲ್ಲಿ ಎಂಟು ಗ್ರಹಗಳು ಮಕರರಾಶಿಯಲ್ಲಿ ಕೂಡಿದಾಗ ದೇಶದಲ್ಲೆಲ್ಲ ಹೋಮದ ಹೊಗೆ ಎದ್ದಿತು. ಅಷ್ಟಗ್ರಹಕೂಟದ ಹೆಸರೆತ್ತಿದರೆ ಹಿಂದಿನ ತಲೆಯವರು ಈಗಲೂ ಒಂದೆರಡು ಕಥೆ ಹೇಳದೆ ಬಿಡುವುದಿಲ್ಲ. 1979ರಲ್ಲಿ ಅಮೆರಿಕದ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಹೆದರಿದೆವು. ಅದರ ಚೂರುಗಳು ಪಶ್ಚಿಮ ಆಸ್ಟ್ರೇಲಿಯದ ಬಯಲಿಗೆ ಬಿದ್ದವು. ಇಂಥ ಭಯಗಳು ಬರುತ್ತವೆ, ಹೋಗುತ್ತವೆ. ಆಮೇಲೆ ನಗುವುದಕ್ಕೆ ಒದಗುತ್ತವೆ. ಆದರೆ 2008ರ ಸೆಪ್ಟೆಂಬರಿನ ಭಯವನ್ನೂ ಈ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬಾರದು. ಅಷ್ಟಗ್ರಹದ ಭಯ ಪಂಚಾಂಗದಿಂದ ಬಂದದ್ದು. ಇದು ವಿಜ್ಞಾನಿಗಳು ತಾವೇ ಬರೆದ ಲೇಖನಗಳಿಂದ ಬಂದದ್ದು.

ಜಿನೀವಾ ನಗರದ ಬಳಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಗಡಿಯ ಕೆಳಗೆ, ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಒಂದು ಸುರಂಗವಿದೆ. ಸರ್ನ್ ಎಂಬ ಯೂರೋಪಿನ ಸಂಸ್ಥೆ ಅಲ್ಲಿ ‘ಲಾರ್ಜ್ ಹ್ಯಾಡ್ರಾನ್ ಕೊಲೈಡರ್’ ಎಂಬ ಯಂತ್ರವನ್ನು ಕಟ್ಟಿತು. ಪ್ರೋಟಾನುಗಳ ಎರಡು ಧಾರೆಗಳನ್ನು ಹೆಚ್ಚುಕಡಮೆ ಬೆಳಕಿನ ವೇಗದಲ್ಲಿ ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವುದು, ಆ ಡಿಕ್ಕಿಯಿಂದ ಏನು ಹುಟ್ಟುತ್ತದೆಂದು ನೋಡುವುದು, ಇಷ್ಟೇ ಅದರ ಕೆಲಸ. ಆ ಶಕ್ತಿಯನ್ನು ಒಂದು ಜೊತೆ ಪ್ರೋಟಾನಿನ ಮಟ್ಟಿಗೆ ಲೆಕ್ಕ ಹಾಕಿದರೆ ಹಾರುವ ಹತ್ತಾರು ಸೊಳ್ಳೆಗಳ ಶಕ್ತಿಗಿಂತ ಹೆಚ್ಚಾಗಲಾರದು. ಆದರೆ ಅದನ್ನೆಲ್ಲ ಊಹೆಗೂ ನಿಲುಕದಷ್ಟು ಸಣ್ಣ ಜಾಗದಲ್ಲಿ ತುರುಕಲಾಗುತ್ತದೆ. ಕುತೂಹಲ ಇರುವುದೂ ಅಲ್ಲಿಯೇ, ಭಯ ಹುಟ್ಟಿದ್ದೂ ಅಲ್ಲಿಯೇ. ನಮಗೆ ಕಾಣುವ ಮೂರು ಆಯಾಮಗಳಲ್ಲದೆ ಬೇರೆ ಆಯಾಮಗಳೂ ಇದ್ದ ಪಕ್ಷದಲ್ಲಿ ಈ ಯಂತ್ರದಲ್ಲಿ ಅತಿ ಸಣ್ಣ ಕಪ್ಪುಕುಳಿಗಳು ಹುಟ್ಟಬಹುದು ಎಂದು 2001ರಲ್ಲಿ ಕೆಲವು ಭೌತವಿಜ್ಞಾನಿಗಳು ಬರೆದರು. ಹುಟ್ಟಿದರೂ ಭಯವಿಲ್ಲ, 1974ರಲ್ಲಿ ಸ್ಟೀಫನ್ ಹಾಕಿಂಗ್ ಮಾಡಿದ ಲೆಕ್ಕದ ಪ್ರಕಾರ ಅವು ಕಣ್ಣು ಮಿಟುಕಿಸುವುದರೊಳಗೆ ಆವಿಯಾಗಿಬಿಡುತ್ತವೆ ಎಂಬುದು ಅವರ ಸಮಾಧಾನ. ಆ ಆವಿಯನ್ನು ಯಾರಾದರೂ ಕಂಡಿದ್ದಾರೆಯೆ ಎಂದು ಒಬ್ಬ ಕೇಳಿದ. ಇಲ್ಲ, ಕಂಡಿಲ್ಲ. ಹಾಗಾದರೆ ಅದು ಆವಿಯಾಗದೆ ಉಳಿದು ಭೂಮಿಯನ್ನು ಒಳಗಿನಿಂದ ತಿನ್ನುತ್ತ ಹೋದರೆ? ಈ ಪ್ರಶ್ನೆಯನ್ನು ಮೂಢನಂಬಿಕೆಯೆನ್ನಲು ನಾನು ಸಿದ್ಧನಿಲ್ಲ.

ಸೆಪ್ಟೆಂಬರ್ 10, ಬುಧವಾರ, ಯಂತ್ರ ಚಾಲೂ ಆಗಬೇಕಾಗಿದ್ದ ದಿನ. ಅದಕ್ಕೆ ಮುಂಚಿನ ಕೆಲವು ದಿನ ನಮ್ಮ ದೇಶದ ಟೆಲಿವಿಷನ್ ವಾಹಿನಿಗಳಲ್ಲಿ ಹಲವು, ಮದುವೆಗೆ ದಿನ ಎಣಿಸುವ ಉತ್ಸಾಹದಲ್ಲಿ ಪ್ರಳಯಕ್ಕೆ ಗಂಟೆ ಎಣಿಸಿದವು. ನಮ್ಮ ಬೀದಿಯ ಎಂಟನೆಯ ತರಗತಿಯ ಹುಡುಗನೊಬ್ಬ ಹಾಲಿನ ಬೂತಿನ ಹತ್ತಿರ ನನ್ನನ್ನು ಕೇಳಿದ: “ಅಂಕಲ್, ನಾಳೆ ಪ್ರಪಂಚ ಇರೋದಿಲ್ವಂತೆ. ಹೋಮ್‌ವರ್ಕ್ ಮಾಡ್ಬೇಕಾ?” “ಮಾಡಪ್ಪ, ಮೇಷ್ಟರಂತೂ ಇರ್ತಾರೆ” ಎಂದೆ. ನಕ್ಕು ಓಡಿಹೋದ. ಎಲ್ಲ ಮಕ್ಕಳಿಗೂ ಹಾಗೆ ನಗಲು ಆಗಲಿಲ್ಲ. ಮಧ್ಯಪ್ರದೇಶದಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಈ ಸುದ್ದಿಯನ್ನು ನೋಡಿ ನೋಡಿ ಹೆದರಿ ತನ್ನ ಪ್ರಾಣವನ್ನೇ ಕಳೆದುಕೊಂಡಳೆಂದು ಅವಳ ತಂದೆ ಹೇಳಿದ ಮಾತನ್ನು ಪತ್ರಿಕೆಗಳು ಪ್ರಕಟಿಸಿದವು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಆ ಬುಧವಾರ ಯಾವ ಡಿಕ್ಕಿಯೂ ಇರಲಿಲ್ಲ. ಅಂದು ಪ್ರೋಟಾನುಗಳ ಧಾರೆಯನ್ನು ಸುರಂಗದ ಸುತ್ತ ಓಡಿಸಿ ನೋಡುವುದಷ್ಟೇ ಕಾರ್ಯಕ್ರಮ. ಮೊದಲ ಡಿಕ್ಕಿಗಳು ನಡೆದದ್ದು 2009ರ ನವೆಂಬರಿನಲ್ಲಿ. ಅದುವರೆಗೆ ಯಾವ ಯಂತ್ರವೂ ಮುಟ್ಟದ ಶಕ್ತಿಯ ಡಿಕ್ಕಿಗಳು ನಡೆದದ್ದು 2010ರ ಮಾರ್ಚ್ 30ರಂದು. ಭಯಪಡಬೇಕಾದವರು ಆ ದಿನ ಭಯಪಡಬೇಕಿತ್ತು. ಅಂದು ನಮ್ಮ ಬೀದಿಯಲ್ಲಿ ಯಾರೂ ಅದರ ಮಾತೆತ್ತಿದ್ದು ನನಗೆ ನೆನಪಿಲ್ಲ. ಯಂತ್ರದಲ್ಲಿ ನಡೆಯುವುದೇನೆಂದು ಹೇಳದೆ ಭಯವನ್ನು ಮಾತ್ರ ಮಾರಿದವರು ಆ ಹುಡುಗಿಗೆ ಈ ಒಂದು ವಾಕ್ಯವನ್ನಾದರೂ ಹೇಳಬಹುದಾಗಿತ್ತಲ್ಲ ಎಂಬುದು ನನ್ನನ್ನು ಇಂದಿಗೂ ಕೊರೆಯುತ್ತದೆ.

ವಿಜ್ಞಾನಿಗಳು ಏನು ಮಾಡಿದರು? ಕೆಲವರು ನಕ್ಕರು. ಬ್ರಿಟನ್ನಿನ ಪ್ರಸಿದ್ಧ ಭೌತವಿಜ್ಞಾನಿಯೊಬ್ಬರು ಇದನ್ನು ನಂಬುವವರನ್ನು ಅಚ್ಚುಹಾಕಲಾಗದ ಮಾತಿನಲ್ಲಿ ಬೈದರು. ಅವರ ಕಡೆಯವರಿಗೂ ಬೆದರಿಕೆಯ ಪತ್ರಗಳು ಬರುತ್ತಿದ್ದವು ಎಂಬುದನ್ನು ಮರೆಯಕೂಡದು. ತಾಳ್ಮೆಗೂ ಒಂದು ಮಿತಿಯುಂಟು. ಆದರೂ ಕೇಳುತ್ತೇನೆ: ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗೆಂದು ಇಪ್ಪತ್ತು ಅಡಿ ಪಾಯ ತೋಡುತ್ತಿದ್ದಾರೆ ಎನ್ನಿ. ನನ್ನ ಗೋಡೆ ನಿಂತೀತೆ ಎಂದು ಎಂಜಿನಿಯರನ್ನು ಕೇಳುತ್ತೇನೆ. “ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ ಸ್ವಾಮಿ, ಏನೂ ಆಗುವುದಿಲ್ಲ” ಎಂದರೆ ನನ್ನ ನಿದ್ದೆ ಇನ್ನಷ್ಟು ಕೆಡುತ್ತದೆ. ಅವನು ಹೇಳಿದ್ದು ನಿಜವೇ ಇದ್ದೀತು. ಆದರೆ ಗೋಡೆ ನನ್ನದು. ಅದರ ಬಗ್ಗೆ ಕೇಳಲು ನನಗೆ ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ.

ಎಲ್ಲರ ಗೋಡೆಯನ್ನೂ ಪಣವಿಟ್ಟ ಒಂದು ಹಳೆಯ ಪ್ರಸಂಗವಿದೆ. 1942ರಲ್ಲಿ ಅಮೆರಿಕದಲ್ಲಿ ಅಣುಬಾಂಬಿನ ವಿಚಾರ ನಡೆಯುತ್ತಿದ್ದಾಗ, ಸ್ಫೋಟದ ಬಿಸಿಗೆ ಭೂಮಿಯ ಗಾಳಿಯೆಲ್ಲ ಹೊತ್ತಿಕೊಂಡೀತೇ ಎಂಬ ಸಂಶಯವನ್ನು ಎಡ್ವರ್ಡ್ ಟೆಲ್ಲರ್ ಎತ್ತಿದರು. ಹಾನ್ಸ್ ಬೆಥೆ ಲೆಕ್ಕ ಹಾಕಿ ಅದು ಸಾಧ್ಯವಿಲ್ಲವೆಂದು ತೋರಿಸಿದರು. ಲೆಕ್ಕ ಸರಿಯಾಗಿತ್ತು. ಆದರೂ 1945ರ ಜುಲೈ 16ರ ಮೊದಲ ಪರೀಕ್ಷೆಗೆ ಮುನ್ನ, ಗಾಳಿ ಹೊತ್ತಿಕೊಂಡರೆ ನ್ಯೂ ಮೆಕ್ಸಿಕೊ ಮಾತ್ರ ಸುಡುತ್ತದೆಯೋ ಲೋಕವೇ ಸುಡುತ್ತದೆಯೋ ಎಂದು ಎನ್ರಿಕೊ ಫರ್ಮಿ ತಮಾಷೆಗೆ ಪಂಥ ಕಟ್ಟಲು ಕರೆದರಂತೆ. ಗೆದ್ದವರು ಹಣ ವಸೂಲು ಮಾಡುವುದು ಎಲ್ಲಿ ಎಂದು ಯಾರು ಕೇಳಿದರೋ! ಲೋಕದವರನ್ನಂತೂ ಯಾರೂ ಕೇಳಲಿಲ್ಲ. ಆ ಮರುಭೂಮಿಯ ಅಂಚಿನಲ್ಲಿ ದನ ಸಾಕಿಕೊಂಡಿದ್ದವರಿಗೂ, ತಮ್ಮ ಮಾಳಿಗೆಯ ಮೇಲೆ ಬಿದ್ದ ಬೂದಿ ಏನೆಂದು ಹೇಳಲಿಲ್ಲ. ಗಾಳಿ ಹೊತ್ತಿಕೊಳ್ಳಲಿಲ್ಲ. ಮೂರು ವಾರಗಳ ಮೇಲೆ ಹಿರೋಶಿಮಾ ಹೊತ್ತಿತು.

ಜಿನೀವಾದಲ್ಲಿ ಬಾಂಬೂ ಇರಲಿಲ್ಲ, ಗುಟ್ಟೂ ಇರಲಿಲ್ಲ. ಹಾಗಾಗಿ ಅಲ್ಲಿನವರಿಂದ ಉತ್ತರವನ್ನು ನಿರೀಕ್ಷಿಸಬಹುದಾಗಿತ್ತು; ಉತ್ತರ ಬಂದೂ ಬಂತು. ಆದರೆ ಎಂಥ ಉತ್ತರ ಎಂಬುದು ನನಗೆ ಮುಖ್ಯ. 1999ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ಇನ್ನೊಂದು ಯಂತ್ರ ಸಿದ್ಧವಾಗುತ್ತಿದ್ದಾಗಲೂ ಇಂಥದೇ ಗದ್ದಲವೆದ್ದಿತ್ತು. ಆಗ ಮೂವರು ಭೌತವಿಜ್ಞಾನಿಗಳು ಲೆಕ್ಕ ಹಾಕಿ, ಹತ್ತು ವರ್ಷದ ಪ್ರಯೋಗದಲ್ಲಿ ಪ್ರಳಯದ ಸಂಭವ ಐದು ಕೋಟಿಯಲ್ಲಿ ಒಂದನ್ನು ಮೀರಲಾರದು ಎಂದು ಒಂದು ಮೇಲಿನ ಎಲ್ಲೆಯನ್ನು ಕೊಟ್ಟರು. ಕೇಳುವುದಕ್ಕೆ ಹಿತವಾಗಿದೆ. ಆದರೆ ಆಗ ಭೂಮಿಯ ಜನಸಂಖ್ಯೆ 600 ಕೋಟಿ. ಏಡ್ರಿಯನ್ ಕೆಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಗುಣಿಸಿ ತೋರಿಸಿದರು: ಆ ಎಲ್ಲೆಯನ್ನೇ ತೂಕಕ್ಕೆ ಹಿಡಿದರೆ 120 ಜನರ ಸಾವಿಗೆ ಸಮ. ಒಂದು ಪ್ರಯೋಗದಿಂದ 120 ಜನ ಸಾಯುತ್ತಾರೆಂದರೆ ಯಾವ ಸರ್ಕಾರ ಒಪ್ಪೀತು? ಎಲ್ಲೆ ಎಂದರೆ ಸಂಭವವಲ್ಲ, ನಿಜವಾದ ಅಪಾಯ ಸೊನ್ನೆಯೇ ಇದ್ದೀತು ಎಂದು ಸಮಾಧಾನ ಹೇಳಬಹುದು, ಅದೂ ಸರಿಯೇ. ಆದರೆ ಇಂಥ ಅಂಕಿಗಳ ದೋಷ ಬೇರೆ. ಐದು ಕೋಟಿಯೋ ಐವತ್ತು ಕೋಟಿಯೋ, ನನ್ನಂಥವನು ಅದನ್ನು ಪರೀಕ್ಷಿಸಲಾರ. ಲೆಕ್ಕ ಹಾಕಿದವನನ್ನು ನಂಬಬೇಕು, ಅಷ್ಟೆ. ಲೆಕ್ಕ ಹಾಕಿದವನಿಗೋ ಆ ಯಂತ್ರ ನಡೆಯಬೇಕೆಂಬ ಆಸೆ.

ಇದಕ್ಕೆ ಹೋಲಿಸಿದರೆ ಇನ್ನೊಂದು ಉತ್ತರ ಎಷ್ಟು ಸರಳವಾಗಿದೆ ನೋಡಿ. ಆಕಾಶದಿಂದ ಹಗಲೂ ರಾತ್ರಿ ವಿಶ್ವಕಿರಣಗಳೆಂಬ ಕಣಗಳು ನಮ್ಮ ಮೇಲೆ ಸುರಿಯುತ್ತಿವೆ. ಅವುಗಳಲ್ಲಿ ಕೆಲವು ಈ ಯಂತ್ರದ ಡಿಕ್ಕಿಗಳನ್ನು ಮೀರಿಸುವ ಶಕ್ತಿಯಿಂದ ಗಾಳಿಯ ಅಣುಗಳಿಗೆ ಬಡಿಯುತ್ತವೆ. ಯಂತ್ರದ ಇಡೀ ಜೀವಮಾನದ ಪ್ರಯೋಗವನ್ನು ನಿಸರ್ಗ ಈ ಭೂಮಿಯ ಮೇಲೆಯೇ ಸುಮಾರು ಒಂದು ಲಕ್ಷ ಸಲ ಮಾಡಿ ಮುಗಿಸಿದೆ ಎಂದು ಸರ್ನ್ 2008ರ ಜೂನಿನಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಭೂಮಿ ಇದೆ, ಚಂದ್ರನಿದ್ದಾನೆ, ಸೂರ್ಯನಿದ್ದಾನೆ. ಡಿಕ್ಕಿಯಿಂದ ಇವು ನಾಶವಾಗುವ ಹಾಗಿದ್ದರೆ ಎಂದೋ ಆಗಬೇಕಿತ್ತು.

ಕನ್ನಡಿಗರಿಗೆ ಈ ವಿಶ್ವಕಿರಣಗಳು ಅಷ್ಟೇನೂ ಅಪರಿಚಿತವಾಗಿರಬೇಕಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದಲೇ ಇವುಗಳ ಬೆನ್ನು ಹತ್ತಿದ್ದರು. ಅವು ಬಂಡೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ನೋಡುತ್ತ ನೋಡುತ್ತ, 1965ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಆ ಬಗೆಯ ಶೋಧಗಳಲ್ಲಿ ಅದು ಲೋಕದಲ್ಲೇ ಮೊದಲಿನದು. ಮೇಲೆ ಆಕಾಶದ ಡಿಕ್ಕಿ, ಕೆಳಗೆ ಗಣಿಯಲ್ಲಿ ಅದರ ಸಾಕ್ಷಿ. ಗಣಿಯನ್ನು 2001ರಲ್ಲಿ ಮುಚ್ಚಿದರು. 2008ರಲ್ಲಿ ಗಂಟೆ ಎಣಿಸಿದ ವಾಹಿನಿಗಳಿಗೆ ಕೋಲಾರ ನೆನಪಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಈ ಉತ್ತರಕ್ಕೂ ಒಂದು ಆಕ್ಷೇಪಣೆ ಬಂತು, ಒಳ್ಳೆಯ ಆಕ್ಷೇಪಣೆ. ಆಕಾಶದಿಂದ ರಭಸವಾಗಿ ಬಂದ ಕಣ ನಿಂತ ಅಣುವಿಗೆ ಬಡಿದಾಗ ಹುಟ್ಟಿದ್ದು ಅದೇ ರಭಸದಲ್ಲಿ ಭೂಮಿಯನ್ನು ತೂರಿ ಆಚೆಗೆ ಹೋದೀತು; ಎದುರುಬದುರಾಗಿ ಗುದ್ದಿಕೊಂಡಾಗ ಹುಟ್ಟಿದ್ದು ಇಲ್ಲಿಯೇ ಉಳಿದೀತು. ಎರಡೂ ಒಂದೇ ಹೇಗೆ? ಇದಕ್ಕೆ ಸ್ಟೀವನ್ ಗಿಡಿಂಗ್ಸ್ ಮತ್ತು ಮಿಕೆಲಾಂಜೆಲೊ ಮಂಗಾನೊ 2008ರಲ್ಲಿ ಉತ್ತರ ಬರೆದರು. ಆಕಾಶದಲ್ಲಿ ಶ್ವೇತಕುಬ್ಜಗಳೆಂಬ ಮುದಿ ನಕ್ಷತ್ರಗಳಿವೆ, ಅವುಗಳ ಒಂದು ಚಮಚದಷ್ಟು ದ್ರವ್ಯ ಹಲವು ಟನ್ ತೂಗುತ್ತದೆ. ಭೂಮಿಯನ್ನು ತೂರಿ ಹೋಗುವಂಥದು ಅಲ್ಲಿ ಸಿಕ್ಕಿಬೀಳಲೇಬೇಕು. ಅಪಾಯಕಾರಿಯಾಗಿದ್ದರೆ ಆ ಹಳೆಯ ನಕ್ಷತ್ರಗಳು ಇಂದು ಇರಬಾರದಾಗಿತ್ತು. ಇವೆ. ಈ ಗಿಡಿಂಗ್ಸ್ ಬೇರೆ ಯಾರೂ ಅಲ್ಲ. ಯಂತ್ರದಲ್ಲಿ ಕಪ್ಪುಕುಳಿ ಹುಟ್ಟಬಹುದೆಂದು 2001ರಲ್ಲಿ ಬರೆದವರಲ್ಲಿ ಒಬ್ಬರು. ಕೇಳುವವರು ಇಲ್ಲದಿದ್ದರೆ ಶ್ವೇತಕುಬ್ಜದವರೆಗೆ ಅವರು ಹೋಗುತ್ತಿದ್ದರೋ ಇಲ್ಲವೋ.

ಇನ್ನು ಸೆಪ್ಟೆಂಬರ್ 19ರ ಸಂಗತಿ. ಯಂತ್ರ ಚಾಲೂ ಆಗಿ ಒಂಬತ್ತೇ ದಿನಕ್ಕೆ, ಎರಡು ಆಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಬೆಸುಗೆ ಕೆಟ್ಟು, ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ದೊಡ್ಡ ದೊಡ್ಡ ಆಯಸ್ಕಾಂತಗಳು ನಿಂತ ಜಾಗದಿಂದ ಜರುಗಿದವು. ಯಾರಿಗೂ ಅಪಾಯವಾಗಲಿಲ್ಲ, ದುರಸ್ತಿಗೆ ವರ್ಷಕ್ಕೂ ಮೇಲೆ ಹಿಡಿಯಿತು. ಭಯಪಟ್ಟವರು, ನಾವು ಹೇಳಿರಲಿಲ್ಲವೆ ಎಂದರು. ಅವರ ಮಾತಿನಲ್ಲಿ ಅರ್ಧ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಬ್ರಹ್ಮಾಂಡದ ಲೆಕ್ಕ ಬಲ್ಲವರು ಬೆಸುಗೆಯಲ್ಲಿ ಎಡವಿದರು. ತಜ್ಞರು ಎಡವುವವರೇ. ಆದುದರಿಂದಲೇ ‘ನಮ್ಮನ್ನು ನಂಬಿ’ ಎಂಬ ಉತ್ತರ ಸಾಲದು. ಚಂದ್ರನನ್ನೂ ಶ್ವೇತಕುಬ್ಜವನ್ನೂ ತೋರಿಸಿದ ಉತ್ತರವಾದರೋ ಬೆಸುಗೆ ಕೆಟ್ಟರೂ ಕೆಡಲಿಲ್ಲ. ಅದನ್ನು ಹೇಳಿದವರು ಜಾಣರೋ ಅಲ್ಲವೋ, ಅವರಿಗೆ ಸ್ವಾರ್ಥವಿತ್ತೋ ಇಲ್ಲವೋ, ಅದರಿಂದ ಏನೂ ವ್ಯತ್ಯಾಸವಿಲ್ಲ. ಅಂಥ ಉತ್ತರವನ್ನು ಕೇಳುವುದು ಸಾಮಾನ್ಯನ ಹಕ್ಕು ಎಂದು ನಾನು ವಾದಿಸುತ್ತೇನೆ. ಅದನ್ನು ಅವನ ಭಾಷೆಯಲ್ಲಿ, ಅವನು ಹೆದರುವುದಕ್ಕೆ ಮೊದಲೇ ಕೊಡುವುದು ಪ್ರಯೋಗ ಮಾಡುವವನ ಕರ್ತವ್ಯ.

ನ್ಯಾಯಾಲಯಕ್ಕೆ ಹೋದವರೂ ಇದ್ದರು. ಹೊನಲೂಲುವಿನ ನ್ಯಾಯಾಲಯ ಅದೇ ತಿಂಗಳ 26ರಂದು ತನಗೆ ಅಧಿಕಾರವಿಲ್ಲವೆಂದು ದಾವೆಯನ್ನು ವಜಾ ಮಾಡಿತು. ಕಾನೂನಿನ ಪ್ರಕಾರ ಸರಿಯೇ ಇದ್ದೀತು. ಆದರೆ ಇಡೀ ಭೂಮಿಯ ಪರವಾಗಿ ದಾವೆ ಹೂಡಬೇಕಾದರೆ ಯಾವ ಊರಿನ ಕಟಕಟೆಗೆ ಹೋಗಬೇಕು? ಯಾರ ಬಳಿಯೂ ಉತ್ತರವಿಲ್ಲ.

ಇದೆಲ್ಲ ಪರದೇಶದವರ ವ್ಯವಹಾರವೆಂದು ಕೈಬಿಡುವಂತೆಯೂ ಇಲ್ಲ. ಆ ಯಂತ್ರದ ಆಯಸ್ಕಾಂತಗಳನ್ನು ಹೊತ್ತು ನಿಂತ ಸಾವಿರಾರು ಆಧಾರಗಳು ಭಾರತದಿಂದ ಹೋದವು. ಆ ಕೆಲಸದ ಮುಂದಾಳು ಇಂದೂರಿನ ಸಂಸ್ಥೆ, ಅದಕ್ಕೆ ಇಂದು ನಮ್ಮ ತುಮಕೂರಿನ ರಾಜಾ ರಾಮಣ್ಣನವರ ಹೆಸರಿದೆ. ಸರ್ನ್‌ನ ಅಂಗಳದಲ್ಲಿ ಭಾರತ 2004ರಲ್ಲಿ ಕೊಟ್ಟ ನಟರಾಜನ ವಿಗ್ರಹವಿದೆ. ಪ್ರಳಯದ ದೇವರನ್ನು ಅಲ್ಲಿಟ್ಟಿದ್ದೇಕೆಂದು ಗುಸುಗುಸು ಮಾಡಿದವರೂ ಉಂಟು! 2017ರಿಂದ ನಾವು ಅಲ್ಲಿ ಸಹಸದಸ್ಯರು. ನಮ್ಮ ತೆರಿಗೆಯ ಹಣ ಹೋಗುತ್ತದೆ.

ಈಗ ಅಲ್ಲಿ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಇನ್ನೊಂದು ಸುರಂಗದ ಮಾತು ನಡೆದಿದೆ. ಸಾಧ್ಯಾಸಾಧ್ಯತೆಯ ವರದಿ 2025ರಲ್ಲಿ ಹೊರಬಂದಿತು. ಕಟ್ಟಿದರೆ ಮೊದಲು ಎಲೆಕ್ಟ್ರಾನುಗಳ ಯಂತ್ರ. ಪ್ರೋಟಾನುಗಳ ಮಹಾಡಿಕ್ಕಿ 2070ರ ದಶಕದಲ್ಲಿ. ಅದರ ಶಕ್ತಿ ಈಗಿನದರ ಹಲವು ಪಟ್ಟು. ಆದರೂ 1991ರಲ್ಲಿ ಅಮೆರಿಕದ ಯೂಟಾ ರಾಜ್ಯದ ಆಕಾಶದಲ್ಲಿ ಕಂಡ ಒಂದು ವಿಶ್ವಕಿರಣದ ಡಿಕ್ಕಿಯನ್ನು ಅದು ಮುಟ್ಟಲಾರದು. ಹಳೆಯ ಉತ್ತರ ಹೊಸ ಯಂತ್ರಕ್ಕೂ ಒದಗಬಹುದೆಂದು ತೋರುತ್ತದೆ. ಈ ಸಲ ಅದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ತಿಳಿಯುವಂತೆ ಎರಡು ಪುಟದಲ್ಲಿ, ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದಿಡಲು ಐವತ್ತು ವರ್ಷ ಸಮಯವಿದೆ.