ಕೊನೆಯ ಮಂಜರಿ ಯಾರಿಗೆ?

ಉತ್ಥಾನದ್ವಾದಶಿಯ ಸಂಭ್ರಮ ಮುಗಿದು, ವೃಂದಾವನದಲ್ಲಿ ನೆಟ್ಟ ನೆಲ್ಲಿಯ ಕೊಂಬೆ ಒಣಗುವ ಹೊತ್ತಿಗೆ, ನಗರವಾಸಿಗಳಾದ ನಮ್ಮ ಮನೆಗಳ ಪುಟ್ಟ ಹೂದೋಟಗಳೂ ಸೊರಗತೊಡಗುತ್ತವೆ. ಮಲ್ಲಿಗೆಯ ಮೊಗ್ಗು ನಿಲ್ಲುತ್ತದೆ, ದಾಸವಾಳ ವಿರಳವಾಗುತ್ತದೆ, ತುಳಸಿಯ ದಳಗಳು ಕಿರಿದಾಗಿ ತುದಿತುದಿಯಲ್ಲಿಯೂ ಮಂಜರಿಯೇ ತುಂಬಿರುತ್ತದೆ. ಸಮೃದ್ಧಿಯ ದಿನಗಳಲ್ಲಿ ಏಳದ ಪ್ರಶ್ನೆಯೊಂದು ಈಗ ಏಳುತ್ತದೆ: ಉಳಿದಿರುವ ಕೊನೆಯ ಕೆಲವನ್ನು ದೇವರಿಗೆ ಅರ್ಪಿಸಬೇಕೋ, ಗಿಡದಲ್ಲಿಯೇ ಬಿಡಬೇಕೋ?

ಮಂಜರಿ ಬಲಿತು ಬೀಜ ಕಟ್ಟತೊಡಗಿದರೆ ತುಳಸಿಯ ಸತ್ತ್ವವೆಲ್ಲ ಅತ್ತ ಹರಿದು ಚಿಗುರು ಕುಂಠಿತವಾಗುತ್ತದೆ. ಎಳೆಯದಿರುವಾಗಲೇ ತೆಗೆದರೆ ಪಕ್ಕದ ಕವಲುಗಳು ಚಿಗುರುತ್ತವೆ. ಮಂಜರಿಯು ಭಗವಂತನಿಗೆ ಪ್ರಿಯ. ತೆಗೆಯುವುದು ಗಿಡಕ್ಕೂ ಹಿತ. ಇಲ್ಲಿಯವರೆಗೆ ಅರ್ಚನೆಗೂ ಆರೈಕೆಗೂ ವಿರೋಧವಿಲ್ಲ. ಆದರೆ ತುಳಸಿಯು ಚಿರಕಾಲ ಬಾಳುವ ಗಿಡವಲ್ಲ. ಕುಂಡದಲ್ಲಿ ಕೆಲವೇ ವರ್ಷಗಳಲ್ಲಿ ಮುದಿಯಾಗುತ್ತದೆ. ಬೀಜಕ್ಕೆಂದು ಉಳಿಸುವ ಮಂಜರಿ ಪುಷ್ಟವಾಗಿರಬೇಕು. ದೇವರಿಗೆ ಅರ್ಪಿಸುವುದೂ ಪುಷ್ಟವಾದುದೇ ಆಗಿರಬೇಕು. ವಿರೋಧ ತೋರುವುದು ಇಲ್ಲಿಯೇ.

ಈ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕೊಟ್ಟವರು ನಾವು. ಊರಿನ ಮನೆಯ ಕೃಷ್ಣತುಳಸಿಯ ಬೀಜವು ವರ್ಗಾವಣೆಯಾದಲ್ಲೆಲ್ಲ ಕಾಗದದ ಪೊಟ್ಟಣದಲ್ಲಿ ನಮ್ಮೊಡನೆ ಬರುತ್ತಿತ್ತು. ಕುಂಡಗಳನ್ನು ಹಳೆಯ ಕ್ವಾರ್ಟರ್ಸಿನಲ್ಲಿಯೇ ಬಿಟ್ಟು ಬಂದರೂ ಸಂತತಿ ಮುಂದುವರಿಯುತ್ತಿತ್ತು. ನಿವೃತ್ತಿಯ ಬಳಿಕ ಒಂದು ಕಾರ್ತಿಕದಲ್ಲಿ, ಅರ್ಚನೆಯ ಸಂಖ್ಯೆಯನ್ನು ಹೆಚ್ಚಿಸುವ ಹುಮ್ಮಸ್ಸಿನಲ್ಲಿ, ಒಂದು ಮಂಜರಿಯನ್ನೂ ಉಳಿಸಲಿಲ್ಲ. ಮುದಿಗಿಡ ಆ ಚಳಿಗಾಲದಲ್ಲಿ ಒಣಗಿತು, ಪೊಟ್ಟಣ ಬರಿದಾಗಿತ್ತು. ನರ್ಸರಿಯಿಂದ ತಂದ ತುಳಸಿಯಿಂದ ಪೂಜೆಯೇನೋ ನಡೆಯಿತು. ಆದರೆ ನಮ್ಮ ತಾಯಿಯವರು ನೀರೆರೆದ ಗಿಡದ ಸಂತತಿ ನಮ್ಮ ಕೈಯಿಂದಲೇ ನಿಂತುಹೋಯಿತು. ಅಂದು ನಾವು ಎಣಿಸುತ್ತಿದ್ದುದು ತುಳಸಿಯನ್ನೋ, ನಮ್ಮ ಭಕ್ತಿಯನ್ನೋ?

ದೇವರಿಗೆ ಸಲ್ಲಬೇಕಾದುದನ್ನು ನಾಳೆಗೆಂದು ಕೂಡಿಡುವುದು ಲೋಭವಲ್ಲವೇ ಎಂದು ಕೇಳಬಹುದು. ಆಕ್ಷೇಪ ಸಣ್ಣದಲ್ಲ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಂಗಡಿಸಿ, ಭಗವಾನ್ ವಿಷ್ಣುವೇ ಸ್ವತಂತ್ರನೆಂದು ನಿರ್ಣಯಿಸಿದ್ದಾರೆ. ಹೀಗಿರುವಾಗ ಕಿತ್ತದ್ದು ಅವನದು, ಗಿಡದಲ್ಲಿ ಉಳಿದದ್ದು ನಮ್ಮದು ಎಂಬ ಲೆಕ್ಕವೇ ತಪ್ಪು. ಕಿತ್ತು ಅರ್ಪಿಸುವುದು ಒಂದು ಸೇವೆಯಾದರೆ, ಅವನ ನಾಳಿನ ಪೂಜೆಗೆಂದು ಕಾಯುವುದು ಇನ್ನೊಂದು ಸೇವೆ. ದ್ವಾದಶಿಯಂದು ತುಳಸಿಯನ್ನು ಕೀಳಬಾರದೆಂಬ ನಿಯಮವೂ, ತುಳಸಿಗೆ ಪರ್ಯುಷಿತದೋಷವಿಲ್ಲವಾದ್ದರಿಂದ ಹಿಂದೆ ತೆಗೆದಿಟ್ಟುದನ್ನೇ ಅರ್ಪಿಸಬಹುದೆಂಬ ಅನುಮತಿಯೂ ಕೈಯನ್ನು ತಡೆಯುವುದನ್ನು ಕಲಿಸುತ್ತವೆ. ಆದರೆ ಬಾಲ್ಕನಿಯ ಅಂದಕ್ಕೆ ಉಳಿಸಿ ಬೀಜಕ್ಕೆಂದು ಹೇಳಿಕೊಂಡರೆ ಅದು ಲೋಭವೇ ಸರಿ. ಉಳಿಸಿದ ಬೀಜವನ್ನು ಕೇಳಿದವರಿಗೆ ಕೊಡಲು ಮನಸ್ಸು ಒಪ್ಪುವುದೇ ಎಂಬುದೇ ಇದಕ್ಕೆ ಪರೀಕ್ಷೆ.

ಆದುದರಿಂದ ಆಸ್ತಿಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಈ ದಿನಗಳಲ್ಲಿ ಪುಷ್ಟವಾದ 2–3 ಮಂಜರಿಗಳಿಗೆ ದಾರ ಕಟ್ಟಿ, ಮುಂದಿನ ಪೂಜೆಗೆಂದು ಸಂಕಲ್ಪಿಸಿ ಬಿಡಿರಿ; ಉಳಿದವನ್ನು ಅರ್ಚನೆಗೆ ತೆಗೆಯಿರಿ. ಬಿಟ್ಟವು ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಬೀಜವನ್ನು ಕಾಗದದಲ್ಲಿ ಕಟ್ಟಿಡಿರಿ. ಚಳಿಗಾಲದಲ್ಲಿ ಮಣ್ಣಿನ ಮೇಲ್ಪದರ ಒಣಗಿದ ಮೇಲಷ್ಟೇ ನೀರೆರೆಯಿರಿ. ದೆಹಲಿಯಂಥ ಊರುಗಳಲ್ಲಿರುವವರು ರಾತ್ರಿ ಗಿಡಕ್ಕೆ ತೆಳುವಾದ ಬಟ್ಟೆ ಹೊದಿಸಿ, ಬೆಳಿಗ್ಗೆ ತೆಗೆಯುವುದೊಳ್ಳೆಯದು. ನೆಲದಲ್ಲಿ ಬೆಳೆದ ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರದಲ್ಲಿ ಸುಮಾರು 1½ ಅಡಿ ಎತ್ತರಕ್ಕೆ ಸವರಬೇಕು. ಕೊನೆಯ ಮೊಗ್ಗುಗಳಿದ್ದರೆ ಕೈ ಹಿಂಜರಿಯುತ್ತದೆ; ಆದರೆ ಬೇಸಿಗೆಯ ಹೂವು ಬರುವುದು ಹೊಸ ಚಿಗುರಿನಲ್ಲಿ.

ಈಗಿರುವ ಗಿಡದ ಬೀಜವನ್ನು ಬೇರೆ ಬೇರೆ ಊರುಗಳಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ. ನಮ್ಮಲ್ಲಿ ಒಣಗಿದರೂ ಅವರಲ್ಲಿ ಉಳಿದೀತು.

ಶ್ರೀಕೃಷ್ಣಾರ್ಪಣಮಸ್ತು.