ಐದರಲ್ಲಿ ಒಂದು ಪಾಲು

ಶಿವಮೊಗ್ಗ, ಭದ್ರಾವತಿಯ ಆಫೀಸುಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನಾನು ದಿನಾ ಕೇಳುವ ಮಾತು ಇದು: ‘ನಾನೇನೂ ಮಾಡಿಲ್ಲ ಸಾರ್, ಅದೇ ಹಂಗೆ ಮಾಡ್ತು.’ ಪ್ರಿಂಟ್ ಎಲ್ಲೋ ಹೋಗಿ ಬಿದ್ದಾಗಂತೂ ಈ ಮಾತು ಬಂದೇ ಬರುತ್ತದೆ. ಬಟನ್ ಒತ್ತಿದ್ದು ಹೇಳುವವರದೇ ಬೆರಳು. ಆದರೂ ಅವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುವುದಿಲ್ಲ. ಹಾಗಾದರೆ ಮಾಡಿದವರು ಯಾರು?

ಶಿವಮೊಗ್ಗದ ದುರ್ಗಿಗುಡಿಯ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಲ್ಯಾಪ್‌ಟಾಪ್ ಇನ್ನೂ ಓಡುತ್ತಿದೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಯನ್ನು ಕೈಬಿಟ್ಟಿತು. ಇವರ ಹಳೇ ಲೆಕ್ಕದ ಸಾಫ್ಟ್‌ವೇರ್ ಬೇರೆಯದರಲ್ಲಿ ಏಳುವುದಿಲ್ಲ, ಹಾಗಾಗಿ ಇವರು ಬಿಟ್ಟಿಲ್ಲ. ಶಿವಮೊಗ್ಗದಲ್ಲಿ ಪತ್ರಗಳಿಗೆ ಲೇಸರ್ ಪ್ರಿಂಟರ್, ರಸೀದಿಗೆ ಡಾಟ್ ಮ್ಯಾಟ್ರಿಕ್ಸ್. ಭದ್ರಾವತಿ ಶಾಖೆಯಲ್ಲಿ ಇನ್ನೊಂದು ಲೇಸರ್. ಲ್ಯಾಪ್‌ಟಾಪ್ ಎರಡೂ ಕಡೆ ಓಡಾಡುತ್ತದೆ. ಮೂರು ಪ್ರಿಂಟರ್ ಇದ್ದರೂ ಡಿಫಾಲ್ಟ್ ಒಂದೇ. ಹಳೇ ವರ್ಡ್‌ನಲ್ಲಿ ಮೇಲಿನ ಸಾಲಿನ ಪುಟ್ಟ ಪ್ರಿಂಟರ್ ಚಿತ್ರ ಒತ್ತಿದರೆ ಅದು ಎಲ್ಲಿಗೆ ಅಂತ ಕೇಳುವುದಿಲ್ಲ, ಸೀದಾ ಡಿಫಾಲ್ಟಿಗೆ ಕಳಿಸಿಬಿಡುತ್ತದೆ. ಆ ಪ್ರಿಂಟರ್ ಸುಮಾರು 20 ಕಿಲೋಮೀಟರ್ ಆಚೆ ಇದ್ದರೂ ಸರಿ, ಕೆಲಸ ಸರತಿಯಲ್ಲಿ ಕೂತು ಕಾಯುತ್ತದೆ. ಕಾಗದ ಬರಲಿಲ್ಲವಲ್ಲ ಅಂತ ಮತ್ತೆ ಮತ್ತೆ ಒತ್ತಿದ್ದೆಲ್ಲ, ಲ್ಯಾಪ್‌ಟಾಪ್ ಭದ್ರಾವತಿಯ ಕೇಬಲ್ಲಿಗೆ ಸೇರಿದ ಮೇಲೆ ಒಂದರ ಹಿಂದೊಂದು ಉದುರುತ್ತದೆ. ಒಮ್ಮೆ ಸಂಬಳದ ಪಟ್ಟಿಯೇ ಹಾಗೆ ಉದುರಿತು. ಯಾರಿಗೆ ಎಷ್ಟು ಅನ್ನುವುದು ಮಧ್ಯಾಹ್ನದ ಊಟದ ಹೊತ್ತಿಗೆ ಶಾಖೆಗೆಲ್ಲ ಗೊತ್ತಾಗಿತ್ತು.

ಮಾಡಿದವರು ಯಾರು ಅನ್ನುವ ಪ್ರಶ್ನೆ ಬಂದಾಗ ನಮ್ಮಪ್ಪ ನೆನಪಾಗುತ್ತಾರೆ. ಅವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದವರು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಸಂಜೆ ಗೀತೆ ಓದುತ್ತಿದ್ದರು. ಹದಿನೆಂಟನೇ ಅಧ್ಯಾಯದಲ್ಲಿ ಕೃಷ್ಣ ಯಾವ ಕರ್ಮಕ್ಕೂ ಐದು ಕಾರಣ ಹೇಳುತ್ತಾನೆ: ಅದು ನಡೆಯುವ ನೆಲೆ, ಮಾಡುವ ಕರ್ತೃ, ಬಳಸುವ ಸಾಧನಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ಹೀಗಿರುವಾಗ ತಾನೊಬ್ಬನೇ ಮಾಡಿದೆ ಅಂದುಕೊಳ್ಳುವವನಿಗೆ ಕಣ್ಣು ತೆರೆದಿಲ್ಲ. ಇದು ತಮಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಶಿಫ್ಟಿನಲ್ಲಿ ಅನ್ನುತ್ತಿದ್ದರು ಅಪ್ಪ. ಓಡುವ ಹಾಳೆ ಹರಿದರೆ ಬೈಗುಳ ಒಬ್ಬನಿಗೆ. ಹರಿದದ್ದಕ್ಕೆ ತಿರುಳು, ತೇವ, ರೋಲರಿನ ವೇಗ, ಕರೆಂಟು ಎಲ್ಲವೂ ಪಾಲುದಾರರು. 1936ರಲ್ಲಿ ಹುಟ್ಟಿದ ಆ ಕಾರ್ಖಾನೆ, ಮೈಸೂರು ಪೇಪರ್ ಮಿಲ್ಸ್, 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ನಿಲ್ಲಿಸಿದ್ದು ಯಾರು ಅಂತ ಊರಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸುತ್ತಾರೆ.

ಸಂಬಳದ ಪಟ್ಟಿಯಲ್ಲೂ ಐದೂ ಇವೆ. ನೆಲೆ ಭದ್ರಾವತಿ ಶಾಖೆಯ ನೆಟ್‌ವರ್ಕು, ಕರ್ತೃ ಗುಮಾಸ್ತ, ಸಾಧನ ಲ್ಯಾಪ್‌ಟಾಪು ಮತ್ತು ಕೇಬಲ್ಲು. ಕೆಲಸವನ್ನು ಹಿಡಿದಿಟ್ಟು ಸಮಯ ಬಂದಾಗ ಬಿಟ್ಟುಕೊಡುವ ಸ್ಪೂಲರಿನದು ಚೇಷ್ಟೆ. ಶಾಖೆಯಲ್ಲಿ ಆ ಗಳಿಗೆಗೆ ಕರೆಂಟ್ ಇದ್ದದ್ದು, ಟ್ರೇಯಲ್ಲಿ ಹಾಳೆ ಇದ್ದದ್ದು ದೈವ. ಅಲ್ಲಿಗೆ ‘ಅದೇ ಹಂಗೆ ಮಾಡ್ತು’ ಅನ್ನುವುದಕ್ಕೆ ಶಾಸ್ತ್ರದ ಮೊಹರೇ ಬಿದ್ದಂತಾಯಿತಲ್ಲ? ನನಗೆ ಬಹಳ ಕಾಲ ಇದೇ ಅನುಮಾನ. ಐವರ ಮೇಲೆ ಹಂಚಿದ ಹೊಣೆ ಕೊನೆಗೆ ಯಾರ ಮೇಲೂ ಕೂರುವುದಿಲ್ಲ, ಸರ್ಕಾರಿ ಫೈಲಿನ ಹಾಗೆ.

ಆದರೆ ಕೃಷ್ಣ ಪಟ್ಟಿಯಿಂದ ಕರ್ತೃವಿನ ಹೆಸರು ಹೊಡೆದು ಹಾಕಿಲ್ಲ. ಕರ್ತೃ ಮಾಡಬೇಕಾದದ್ದು ಏನೋ ಇದೆ. ಬಟನ್ ಒತ್ತುವುದು ಅದಲ್ಲ, ಬೆರಳು ಅಭ್ಯಾಸದ ಮೇಲೇ ಒತ್ತಿಬಿಡುತ್ತದೆ. ಅವನ ಜಾಗ ಅದಕ್ಕಿಂತ ಒಂದು ಕ್ಷಣ ಹಿಂದೆ.

ಆ ಆಫೀಸಿಗೆ ನಾನು ಮಾಡಿಕೊಟ್ಟದ್ದು ಬಲು ಸಣ್ಣ ಸಾಧನ. ನೋಟ್‌ಪ್ಯಾಡಿನಲ್ಲಿ ಒಂದೇ ಸಾಲಿನ ಬ್ಯಾಚ್ ಫೈಲು: ಇಂಥ ಹೆಸರಿನ ಪ್ರಿಂಟರನ್ನು ಡಿಫಾಲ್ಟ್ ಮಾಡು ಅಂತ ವಿಂಡೋಸಿಗೆ ಆಜ್ಞೆ. ಅಂಥವು ಮೂರು. ಡೆಸ್ಕ್‌ಟಾಪಿನ ಮೇಲೆ ‘ಶಿವಮೊಗ್ಗ ಪತ್ರ’, ‘ಶಿವಮೊಗ್ಗ ರಸೀದಿ’, ‘ಭದ್ರಾವತಿ’ ಅಂತ ಕನ್ನಡದಲ್ಲೇ ಹೆಸರು. ಎಕ್ಸ್‌ಪಿಯ ಜೊತೆ ಬಂದ ಕನ್ನಡ ಫಾಂಟಿಗೆ ತುಂಗಾ ಅಂತಲೇ ಹೆಸರು, ನಮ್ಮೂರಿಗೆ ಹೊಂದಿತು. ಎರಡು ಸಲ ಕ್ಲಿಕ್ಕಿಸಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ, ಕೆಲಸ ಮುಗಿಯಿತು. ಪ್ರಿಂಟ್ ಕೊಡುವುದು ಆಮೇಲೆ.

ವಿಂಡೋಸ್ 10ರಲ್ಲಿ ಈ ತಾಪತ್ರಯ ಇಲ್ಲ ಅನ್ನುತ್ತಾರೆ. ಡಿಫಾಲ್ಟನ್ನು ವಿಂಡೋಸೇ ನೋಡಿಕೊಳ್ಳಲಿ ಅಂತ ಬಿಟ್ಟರೆ, ನೀವಿರುವ ಜಾಗದಲ್ಲಿ ಕೊನೆಗೆ ಯಾವುದಕ್ಕೆ ಪ್ರಿಂಟ್ ಕೊಟ್ಟಿರೋ ಅದೇ ಮುಂದಿನ ಡಿಫಾಲ್ಟ್. ಯೋಗಶಾಸ್ತ್ರದವರು ಸಂಸ್ಕಾರ ಅಂದದ್ದು ಇದನ್ನೇ: ಮಾಡಿದ ಕೆಲಸ ಒಂದು ಗುರುತು ಬಿಡುತ್ತದೆ, ಮುಂದಿನ ಕೆಲಸ ಆ ಗುರುತು ಹಿಡಿದು ಹೋಗುತ್ತದೆ. ಒಮ್ಮೆ ರಸೀದಿಗೆಂದು ಡಾಟ್ ಮ್ಯಾಟ್ರಿಕ್ಸ್ ಆರಿಸಿದವರ ಮುಂದಿನ ಪತ್ರವೂ ಕರಕರ ಸದ್ದು ಮಾಡುತ್ತ ಅಲ್ಲೇ ಬರುತ್ತದೆ. ಯಂತ್ರ ಜಾಣವಾಯಿತು ಅನ್ನುವುದಕ್ಕಿಂತ ನಮ್ಮ ಹಾಗಾಯಿತು ಅನ್ನಬೇಕು.

ಹಾಗಂತ ಅಭ್ಯಾಸವನ್ನು ಬೈಯುವುದು ತರವಲ್ಲ. ಪ್ರತಿ ಹಾಳೆಗೂ ಯೋಚಿಸುತ್ತ ಕೂತರೆ ಮಾರ್ಚ್ ತಿಂಗಳ ಲೆಕ್ಕ ಮುಗಿಯುವುದೇ ಇಲ್ಲ. ಶಿವಮೊಗ್ಗದಲ್ಲಿ ಹುಟ್ಟಿದ ಅಭ್ಯಾಸ ಶಿವಮೊಗ್ಗದಲ್ಲಿ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗುವುದು ನೆಲೆ ಬದಲಾದಾಗ. ಗೀತೆಯ ಪಟ್ಟಿಯಲ್ಲಿ ನೆಲೆ ಮೊದಲು, ಕರ್ತೃ ಆಮೇಲೆ ಬರುವುದನ್ನು ನಾನು ಹೀಗೆ ಓದಿಕೊಳ್ಳುತ್ತೇನೆ. ಊರು ಬದಲಾಯಿತು, ಎದುರಿಗಿರುವವರು ಬದಲಾದರು, ವಯಸ್ಸು ಬದಲಾಯಿತು ಅನ್ನುವುದು ಬೆರಳಿಗೆ ಗೊತ್ತಾಗುವುದಿಲ್ಲ, ಕೇಬಲ್ಲಿಗೂ ಇಲ್ಲ. ದೈವಕ್ಕೆ ಗೊತ್ತಿದ್ದರೂ ಅದು ಬಂದು ಹೇಳುವುದಿಲ್ಲ. ಅದನ್ನು ಗಮನಿಸಿ ಕೈಯನ್ನು ಒಂದು ಗಳಿಗೆ ತಡೆಯುವುದಷ್ಟೇ ಕರ್ತೃವಿನ ಪಾಲಿಗೆ ಬಂದ ಕೆಲಸ. ಪಾಲು ಐದರಲ್ಲಿ ಒಂದೇ ಇರಬಹುದು, ಆದರೆ ಉಳಿದ ನಾಲ್ಕು ಸೇರಿದರೂ ಅದನ್ನು ಮಾಡಿಕೊಡಲಾರವು.